ಬರ್ತೀವಿ

ಬಿಳಿಕೆರೆ ದಾಟುವವರೆಗೂ ಶಾಂತಲಾ ತಾನು ಅಂದದ್ದು 'ಬರ್ತೀನಿ' ಎಂದೋ 'ಬರ್ತೀವಿ' ಎಂದೋ ತೀರ್ಮಾನಿಸಲಾಗದೆ ಕಾರು ಓಡಿಸುತ್ತಿದ್ದಳು. 'ಬರ್ತೀನಿ' ಅಂದಿದ್ದರೆ ಏನೂ ಆಗಿಲ್ಲ. ಮೈಸೂರಿನ ಜೈಲಿನ ಹೆಂಗಸರ ವಿಭಾಗಕ್ಕೆ ಎಂಟು ವರ್ಷಗಳಿಂದ ಹೋಗಿ ಬರುತ್ತಿದ್ದ ಅವಳು ಪ್ರತಿ ಸಲವೂ ಗೇಟಿನ ಹತ್ತಿರ ಕೂತಿರುವ ವಾರ್ಡರ್ ಹೇಮಶ್ರೀಗೆ ಅದನ್ನೇ ಹೇಳಿ ಹೊರಡುತ್ತಿದ್ದಳು. ಮನಶ್ಶಾಸ್ತ್ರದ ಪ್ರೊಫೆಸರು, ಜೈಲಿನ ಹೆಂಗಸರ ಮೇಲೆಯೇ ಸಂಶೋಧನೆ ಮಾಡುವವಳು, ಮತ್ತೆ ಬಂದೇ ಬರುತ್ತಾಳೆ. ಅದರಲ್ಲಿ ಅಪಶಕುನವೇನು ಬಂತು. ಆದರೆ ಇವತ್ತು ಪಕ್ಕದಲ್ಲಿ ಚಿಕ್ಕಬೀರಮ್ಮ ಇದ್ದಳು. ಹದಿಮೂರು ವರ್ಷ ಒಳಗಿದ್ದು, ಸನ್ನಡತೆಯ ಮೇಲೆ ಬಿಡುಗಡೆಯಾಗಿ, ದೊಡ್ಡ ಗೇಟಿನೊಳಗಿನ ಚಿಕ್ಕ ಬಾಗಿಲಿಂದ ಬಗ್ಗಿ ಈಚೆ ಬಂದವಳು ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ. ಅಷ್ಟರಲ್ಲಿ ಶಾಂತಲಾಳ ಬಾಯಿ, ಇಬ್ಬರು ಜೊತೆಯಾಗಿ ಯಾರ ಮನೆಯಿಂದಾದರೂ ಹೊರಟಾಗ ಅನ್ನುವ ಹಾಗೆ, ಅವಳನ್ನು ಕೇಳದೆ ಅಂದುಬಿಟ್ಟಿತು. ಹೇಮಶ್ರೀ ಬೀಗದಕೈ ಗೊಂಚಲನ್ನು ಹಾಗೇ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದಳು. ಅವಳು ಇಬ್ಬರ ಮುಖವನ್ನೂ ನೋಡಿದ್ದರಿಂದಲೇ, ಅಂದದ್ದು 'ಬರ್ತೀವಿ' ಇರಬೇಕು ಎಂದು ಶಾಂತಲಾಗೆ ಅನುಮಾನ ಹತ್ತಿದ್ದು.

ಬಿಡುಗಡೆಯಾದವರು ಜೈಲಿನ ಬಾಗಿಲಲ್ಲಿ 'ಬರ್ತೀನಿ' ಅನ್ನುವುದಿಲ್ಲ. ಬೇರೆ ಬಾಗಿಲುಗಳಲ್ಲಿ ಅನ್ನಲೇಬೇಕಾದ ಮಾತು ಅದು; 'ಹೋಗ್ತೀನಿ' ಅಂದರೆ ದೊಡ್ಡವರು ಬಾಯಿ ಮುಚ್ಚಿಸುತ್ತಾರೆ. ಆಸ್ಪತ್ರೆಯಲ್ಲಿ, ಸಾವಾದ ಮನೆಯಲ್ಲಿ, ಜೈಲಿನಲ್ಲಿ ಮಾತ್ರ ಅದು ತಿರುವುಮುರುವು. ಒಳಗೆ ಉಳಿದವರೂ 'ಹೋಗಿ ಬಾ' ಅನ್ನುವುದಿಲ್ಲ. 'ಓಗು' ಅನ್ನುತ್ತಾರೆ, ಬೈದ ಹಾಗೆ. ಇವತ್ತು ಬೆಳಿಗ್ಗೆ ಬ್ಯಾರಕ್ಕಿನ ಅಷ್ಟೂ ಜನ ಸಾಲಾಗಿ ನಿಂತು ಚಿಕ್ಕಬೀರಮ್ಮನಿಗೆ 'ಓಗು, ಓಗು' ಅಂದಿದ್ದರು. ಅಳುತ್ತಿದ್ದವರೂ ಅದನ್ನೇ ಅಂದರು. ಅವಳು ಯಾರಿಗೂ ಏನೂ ಹೇಳದೆ, ಹಿಂದಿರುಗಿ ನೋಡದೆ, ನೆಲ ನೋಡುತ್ತ ನಡೆದು ಬಂದಿದ್ದಳು. ಇದು ಶಾಂತಲಾಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿರುವುದೇನು, ಇದರ ಮೇಲೆ ಅವಳೊಂದು ಪ್ರಬಂಧವನ್ನೇ ಬರೆದಿದ್ದಳು. 'ಬೀಳ್ಕೊಡುಗೆಯ ಭಾಷೆ ಮತ್ತು ಬಿಡುಗಡೆಯ ಆತಂಕ' ಅಂತ ಅದರ ಹೆಸರು. ಕೆ.ಆರ್. ನಗರದ ವಿಚಾರ ಸಂಕಿರಣದಲ್ಲಿ ಅದನ್ನು ಓದಿದಾಗ, ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬಾರದು, ಹೆದರಿದ ಮನಸ್ಸು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಉಪಾಯ ಎಂದು ನೋಡಬೇಕು ಎಂಬಲ್ಲಿ ಜನ ಚಪ್ಪಾಳೆ ತಟ್ಟಿದ್ದರು. ಅಧ್ಯಕ್ಷರು, ಮೇಡಂ ಅವರಿಗೆ ಆ ಹೆಣ್ಣುಮಕ್ಕಳ ಹೃದಯವೇ ಅರ್ಥವಾಗಿದೆ ಎಂದು ಹೇಳಿ ಶಾಲು ಹೊದಿಸಿದ್ದರು. ಮಧ್ಯಾಹ್ನದ ಊಟಕ್ಕೆ ಹೋಳಿಗೆ ಇತ್ತು.

"ಚಿಕ್ಕಬೀರಮ್ಮ, ಗೇಟಿನ ಹತ್ತಿರ ನಾನು ಏನೋ ಅಂದೆ ಅಲ್ವಾ..."

"ಕೇಳುಸ್ತು."

"ಬಾಯಿತಪ್ಪಿ ಬಂದುಬಿಡ್ತು."

"ಊಂ," ಅಂದಳು ಚಿಕ್ಕಬೀರಮ್ಮ. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತುಬಿಟ್ಟಳು. ಅಲ್ಲಿಗೆ ಅನುಮಾನ ಬಗೆಹರಿಯಿತು. ಬಗೆಹರಿದ ಮೇಲೆ ಇನ್ನೊಂದು ಶುರುವಾಯಿತು. ಬಾಯಿತಪ್ಪಿ ಆಡುವ ಮಾತಿನಲ್ಲಿ ಮನಸ್ಸಿನ ತಳದ ಆಸೆ ಇಣುಕುತ್ತದೆ ಎಂದು ಶಾಂತಲಾ ಪ್ರತಿ ವರ್ಷ ಎರಡನೇ ಬಿ.ಎ. ಹುಡುಗಿಯರಿಗೆ ಪಾಠ ಮಾಡುತ್ತಿದ್ದಳು. ಪರೀಕ್ಷೆಯಲ್ಲಿ ಅದು ತಪ್ಪದೆ ಬರುವ ಪ್ರಶ್ನೆ. ಹಾಗಾದರೆ ತನ್ನ ತಳದಲ್ಲಿ ಏನಿತ್ತು? ಜೈಲಿನ ಬೇರೆ ಹೆಂಗಸರು ಕೇಳಿದ್ದಕ್ಕೆ ಹೂಂ ಊಹೂಂ ಅನ್ನುತ್ತಿದ್ದರು, ಇಲ್ಲವೇ ಅತ್ತು ಮುಗಿಸುತ್ತಿದ್ದರು. ಬಾಯಿ ಬಿಟ್ಟು ಮಾತಾಡಿದವಳು ಇವಳೊಬ್ಬಳೇ. ತಾನು ಬರೆದ ಪುಸ್ತಕದಲ್ಲಿ ಇವಳ ಹೆಸರು ಬರುವಂತಿಲ್ಲವಾದ್ದರಿಂದ 'ಪ್ರಕರಣ ಏಳು' ಎಂದು ಬರೆದಿತ್ತು, ಮತ್ತು ಓದಿದವರೆಲ್ಲ ಆ ಏಳನೆಯ ಪ್ರಕರಣ ಬಹಳ ಚೆನ್ನಾಗಿದೆ ಎಂದಿದ್ದರು. ಮುಂದಿನ ತಿಂಗಳು ಜೈಲಿಗೆ ಹೋದರೆ ಮಾತಾಡುವವರೇ ಇಲ್ಲವಲ್ಲ ಎಂದು ನಿನ್ನೆ ರಾತ್ರಿ ತನಗೆ ಅನ್ನಿಸಿತ್ತೇ? ಅನ್ನಿಸಿತ್ತು. ಶಾಂತಲಾಗೆ ನಾಚಿಕೆಯಾಯಿತು. ಮುಂದೆ ಹೋಗುತ್ತಿದ್ದ ಲಾರಿಗೆ ಸುಮ್ಮಸುಮ್ಮನೆ ಹಾರ್ನ್ ಮಾಡಿದಳು.

ಚಿಕ್ಕಬೀರಮ್ಮ ತನ್ನ ಅತ್ತೆಯನ್ನು ಸೌದೆಯಲ್ಲಿ ಹೊಡೆದಿದ್ದಳು, ಒಂದೇ ಏಟು. ಯಾಕೆ ಎಂದು ಪೊಲೀಸರು ಒಂದು ಸಲ ಕೇಳಿದರು, ಕೋರ್ಟು ಒಂದು ಸಲ ಕೇಳಿತು. ಶಾಂತಲಾ ಎಂಟು ವರ್ಷ ಕೇಳಿದಳು. ಮೊದಲು ಚಿಕ್ಕಬೀರಮ್ಮ 'ಕ್ವಾಪ ಬಂತು' ಅಂದಿದ್ದಳು. ಆಮೇಲೆ ಒಂದು ದಿನ, 'ಕ್ವಾಪ ಎಲ್ಲಿತ್ತು ಬುಡಿ, ಸುಸ್ತಾಗಿತ್ತು' ಅಂದಳು. ಇನ್ನೊಂದು ದಿನ ಏನೂ ಅನ್ನದೆ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು, ಅದೇ ಹೇಳಲಿ ಎನ್ನುವ ಹಾಗೆ ನೋಡಿದ್ದಳು. ಅವಳು ಏನು ಹೇಳಿದರೂ, ಹೇಳದಿದ್ದರೂ, ಶಾಂತಲಾ ತನ್ನ ವಿದ್ಯೆಯ ಪ್ರಕಾರ ಕೇಳುತ್ತಿದ್ದದ್ದು ಒಂದೇ: 'ನಿಮಗೇನನ್ನಿಸುತ್ತೆ?' ತಾನು ತೀರ್ಪು ಕೊಡಬಾರದು, ಸಲಹೆ ಕೊಡಬಾರದು, ಪ್ರಶ್ನೆಯನ್ನು ಅವರ ಕೈಗೇ ವಾಪಸು ಕೊಡಬೇಕು. ಹಾಗೆ ವಾಪಸು ಕೊಟ್ಟೂ ಕೊಟ್ಟೂ ಆ ಮಾತು ನಾಲಿಗೆಗೆ ಅಂಟಿಹೋಗಿತ್ತು. ಮನೆಯಲ್ಲಿ ಗಂಡ ಉಮಾಶಂಕರ, ಸಾಯಂಕಾಲಕ್ಕೆ ಉಪ್ಪಿಟ್ಟು ಮಾಡೋಣವಾ ಎಂದು ಕೇಳಿದರೂ ಒಮ್ಮೊಮ್ಮೆ ಅದೇ ಬರುತ್ತಿತ್ತು. ಅವನು ನಿವೃತ್ತ ಹೈಸ್ಕೂಲು ಮೇಷ್ಟರು. ಏನೂ ಅನ್ನಿಸದಿದ್ದರೂ ಉಪ್ಪಿಟ್ಟು ಮಾಡುತ್ತಿದ್ದ.

ಹುಣಸೂರು ಬಂತು. ಬೆಟ್ಟದಪುರದ ಕಡೆ ಹೋಗಬೇಕಾದರೆ ಚಿಲ್ಕುಂದದ ರಸ್ತೆ ಹಿಡಿಯಬೇಕು, ಆ ರಸ್ತೆ ಹಿಡಿಯಬೇಕಾದರೆ ಶಾಂತಲಾಳ ಮನೆಯ ಮುಂದೆಯೇ ಹಾಯಬೇಕು. ಇದನ್ನು ಅವಳು ಮೊದಲೇ ಯೋಚಿಸಿರಲಿಲ್ಲ ಎಂದಲ್ಲ. ಬೆಳಿಗ್ಗೆ ಹೊರಡುವಾಗ ಉಮಾಶಂಕರ ಪೇಪರಿನಿಂದ ತಲೆಯೆತ್ತದೆ, "ಮನೆಗೆ ಕರ್ಕೊಂಡು ಬರಬೇಡ ಮತ್ತೆ," ಎಂದಿದ್ದ, ತಮಾಷೆಗೆ ಅಂದದ್ದು, ಅವಳೂ ನಕ್ಕಿದ್ದಳು. ಒಳ್ಳೆಯ ಮನುಷ್ಯ, ಅವಳ ಪುಸ್ತಕದ ಕರಡನ್ನು ಮೂರು ಸಲ ತಿದ್ದಿಕೊಟ್ಟವನು, ಪ್ರಕರಣ ಏಳನ್ನು ಓದಿ ಕಣ್ಣು ಒರೆಸಿಕೊಂಡವನು. ಈಗ ಮನೆ ಹತ್ತಿರವಾದ ಹಾಗೆ ಶಾಂತಲಾ ಕಾರನ್ನು ನಿಧಾನ ಮಾಡಿದರೆ ತಪ್ಪಾದೀತು, ಜೋರು ಮಾಡಿದರೂ ತಪ್ಪಾದೀತು ಎಂದು ಇದ್ದ ವೇಗದಲ್ಲೇ ಓಡಿಸಿದಳು.

"ನೀಲಿ ಗೇಟು," ಅಂದಳು ಚಿಕ್ಕಬೀರಮ್ಮ. "ನೇರಳೆ ಮರ. ನಿಮ್ದೇ ಅಲ್ವಾ ಮೇಡಂ?"

ಮೊದಲ ವರ್ಷ ತಾನೇ ಹೇಳಿದ್ದು. ಎದುರಿನವರ ವಿಶ್ವಾಸ ಗಳಿಸಬೇಕಾದರೆ ನಮ್ಮದನ್ನೂ ಸ್ವಲ್ಪ ಬಿಟ್ಟುಕೊಡಬೇಕು ಎಂದು ಪುಸ್ತಕಗಳಲ್ಲಿದೆ. ಶಾಂತಲಾ ಗಂಡನನ್ನಾಗಲೀ ಸಂಬಳವನ್ನಾಗಲೀ ಬಿಟ್ಟುಕೊಡಲಾಗದೆ ಮರವನ್ನೂ ಗೇಟನ್ನೂ ಬಿಟ್ಟುಕೊಟ್ಟಿದ್ದಳು. 'ಈಚೆ ಬಂದ್ಮೇಲೆ ನಮ್ಮನೆಗೆ ಬನ್ನಿ, ನೇರಳೆ ಹಣ್ಣು ತಿನ್ನೋರಂತೆ' ಎಂದೂ ಅಂದಿದ್ದಳು. ಶಿಕ್ಷೆ ಮುಗಿಯಲು ಆಗ ಬಹಳ ವರ್ಷ ಇತ್ತು.

"ಹೌದು," ಅಂದಳು ಶಾಂತಲಾ. "ವಾಪಸು ಬರುವಾಗ... ಅಂದರೆ ಇನ್ನೊಂದು ಸಲ. ಈಗ ನಿಮ್ಮ ತಮ್ಮ ಕಾಯ್ತಾ ಇರ್ತಾರಲ್ಲ."

"ಹಣ್ಣಿನ ಕಾಲಾನೂ ಮುಗೀತೇನೋ," ಎಂದು ಚಿಕ್ಕಬೀರಮ್ಮ ಅವಳಿಗೇ ದಾರಿ ಮಾಡಿಕೊಟ್ಟಳು. ಮರ ಹಿಂದಕ್ಕೆ ಹೋಯಿತು. ಕನ್ನಡಿಯಲ್ಲಿ ಗೇಟು ಸ್ವಲ್ಪ ಹೊತ್ತು ಕಂಡು, ಆಮೇಲೆ ಕಾಣದಾಯಿತು.

ತಮ್ಮ ಚಲುವರಾಜು ಕಾಯುತ್ತಲೇ ಇದ್ದ. ಬೆಟ್ಟದಪುರದ ಹೊರಗೆ, ಬೆಟ್ಟ ನೇರ ಎದುರಿಗೆ ಕಾಣುವ ಜಮೀನಿನಲ್ಲಿ ಮನೆ. ಪಕ್ಕದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು. ಸೊಪ್ಪಿನ ಕಾಲ. ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಕಾರಿನಿಂದ ಚಿಕ್ಕಬೀರಮ್ಮ ಇಳಿದದ್ದೇ ಅಷ್ಟೂ ಕೈಗಳು ನಿಂತವು, ಆಮೇಲೆ ಹಿಂದಿಗಿಂತ ಬೇಗ ಬೇಗ ಕಟ್ಟತೊಡಗಿದವು. ಚಲುವರಾಜು ಓಡಿ ಬಂದು ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನ ಹೆಂಡತಿ ರಾಣಿ ಚೊಂಬಿನಲ್ಲಿ ಕಾಲಿಗೆ ನೀರು ಕೊಟ್ಟಳು, ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋದಳು. ಇಬ್ಬರ ಕಣ್ಣಲ್ಲೂ ನೀರಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ಶಾಂತಲಾಗೆ ಪುನರ್ವಸತಿಯ ಮೊದಲ ಮೆಟ್ಟಿಲು ಕುಟುಂಬದ ಸ್ವೀಕಾರ ಎಂದು ತಾನು ಬರೆದ ವಾಕ್ಯ ನೆನಪಾಗಿ, ಆ ವಾಕ್ಯದ ಮೇಲೆ ತುಸು ಹೆಮ್ಮೆಯೂ ಆಯಿತು.

ಊಟಕ್ಕೆ ಮುದ್ದೆ, ನಾಟಿಕೋಳಿ ಸಾರು. ಚಿಕ್ಕಬೀರಮ್ಮನಿಗೆ ಬಾಳೆಲೆ ಹಾಕಿದರು, ಮನೆಯವರು ತಟ್ಟೆಯಲ್ಲಿ ಉಂಡರು. ಬಾಳೆಲೆ ಹಾಕುವುದು ನೆಂಟರಿಗೆ ಎಂಬುದು ಶಾಂತಲಾಗೆ ಆಗ ಹೊಳೆಯಲಿಲ್ಲ. ಅವಳಿಗೂ ಬಾಳೆಲೆ ಹಾಕಿದ್ದರು. ಉಂಡ ಮೇಲೆ ಚಿಕ್ಕಬೀರಮ್ಮ ಸುಮ್ಮನೆ ಕೂರಲಾರದೆ ಚಪ್ಪರದ ಕಡೆ ಹೋಗಿ ಒಂದು ಕಡ್ಡಿ ಎಳೆದುಕೊಂಡು ಸೊಪ್ಪು ಕಟ್ಟಲು ಶುರುಮಾಡಿದಳು. ಬೆರಳು ಮರೆತಿರಲಿಲ್ಲ. ಪಕ್ಕದವಳು ಮೆಲ್ಲಗೆ ಅತ್ತ ಸರಿದು ಜಾಗ ಕೊಟ್ಟಳು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಕೊಟ್ಟಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಾಂತಲಾ ಇದನ್ನೊಂದು ಫೋಟೋ ತೆಗೆಯಬೇಕೆಂದು ಫೋನ್ ಎತ್ತಿ, ಯಾಕೋ ಬೇಡವೆನಿಸಿ ಹಾಗೇ ಇಳಿಸಿದಳು. ಆಗ ಬ್ಯಾರನ್ನಿನ ಕಡೆಯಿಂದ ಯಾರೋ ಬೆಂಕಿ ಕಮ್ಮಿಯಾಯಿತು ಎಂದು ಕೂಗಿದರು. ಹತ್ತಿರದಲ್ಲಿದ್ದವಳು ಚಿಕ್ಕಬೀರಮ್ಮನೇ. ಎದ್ದು ಬ್ಯಾರನ್ನಿನ ಗೋಡೆಗೆ ಒಟ್ಟಿದ್ದ ರಾಶಿಯಿಂದ ಒಂದು ಸೌದೆ ತೆಗೆದುಕೊಂಡಳು. ಒಲೆಗೆ ಹಾಕಲು ತೆಗೆದುಕೊಂಡ ಸೌದೆ, ಬೇರೆ ಯಾವುದಕ್ಕೂ ಅಲ್ಲ. ಆದರೆ ಚಪ್ಪರದಲ್ಲಿ ಯಾರೂ ಉಸಿರಾಡಲಿಲ್ಲ. ಚಿಕ್ಕಬೀರಮ್ಮನೂ ತಾನೇನು ಹಿಡಿದಿದ್ದೇನೆಂದು ನೋಡಿಕೊಂಡಳು. ಚಲುವರಾಜು ಬಂದು, ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವಂತೆ, ನಗುನಗುತ್ತ ಅದನ್ನು ಬಿಡಿಸಿಕೊಂಡ. "ನೀನ್ಯಾಕಕ್ಕ, ನೀನ್ ಕೂತ್ಕೊ. ನೆಂಟ್ರು ಕೆಲ್ಸ ಮಾಡ್ತಾರಾ?"

ಅಲ್ಲಿಂದ ಮುಂದಿನದೆಲ್ಲ ಬಹಳ ಪ್ರೀತಿಯಿಂದ, ಬಹಳ ಬೇಗ ನಡೆಯಿತು. ರಾಣಿ ಒಳಗಿಂದ ಮೊರ ತಂದಳು. ಚಾಪೆ ಹಾಸಿ ಅಕ್ಕಯ್ಯನನ್ನು ಪೂರ್ವಕ್ಕೆ ಮುಖ ಮಾಡಿಸಿ ಕೂರಿಸಿದಳು. ಅರಿಶಿನ ಹಚ್ಚಿ ಕುಂಕುಮ ಇಟ್ಟಳು, ಹೂ ಮುಡಿಸಿದಳು, ಕೈಗೆ ಹಸಿರು ಬಳೆ ತೊಡಿಸಿದಳು. ಸೆರಗು ಹಿಡಿಸಿ, ಬೊಗಸೆ ಬೊಗಸೆ ಅಕ್ಕಿ ಹಾಕಿದಳು, ಮೇಲೆ ಕಾಯಿ, ಬೆಲ್ಲದಚ್ಚು, ವೀಳ್ಯದೆಲೆ, ಹಸಿರು ರವಿಕೆ ಬಟ್ಟೆ. ಮಡಿಲಕ್ಕಿ. ತೌರಿಗೆ ಬಂದ ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ಮಾಡುವ ಶಾಸ್ತ್ರ. ಕಾಯಿ ಇಟ್ಟ ಮೇಲೆಯೇ ಶಾಂತಲಾಗೆ ಏನು ನಡೆಯುತ್ತಿದೆ ಎಂದು ತಿಳಿದದ್ದು. ಅವಳು ಚಲುವರಾಜುವನ್ನು ಪಕ್ಕಕ್ಕೆ ಕರೆದಳು.

"ಏನಿದು? ಇಟ್ಕೋತೀನಿ ಅಂದಿದ್ರಲ್ಲ ನೀವು ಫೋನಲ್ಲಿ."

"ಕರ್ಕೊಂಬನ್ನಿ ಅಂದೆ ಮೇಡಂ. ಬಂದೋಗ್ಲಿ ಅಂತ." ಚಲುವರಾಜು ನೆಲ ನೋಡುತ್ತಿದ್ದ. "ನಮ್ಮಕ್ಕನೇ ಕಣ್ರೀ, ನಾನ್ಯಾಕ್ ಬ್ಯಾಡ ಅನ್ಲಿ. ಆದ್ರೆ ಸೊಪ್ಪು ಕಟ್ಟಕ್ಕೆ ಬರೋರು ನಾಳೆ ಬರಾಕಿಲ್ಲ ಅಂತಾವ್ರೆ. ನಮ್ಮವ್ವನೂ ರಾತ್ರಿ ಒಳೀಕೇ ಮನಗೋದು, ಎದ್ರುಕತಾವ್ಳೆ."

"ನಿಮ್ಮವ್ವ ಅವಳಿಗೂ ಅವ್ವನೇ ಅಲ್ವೇನ್ರಿ?"

"ಅವ್ವನೇ ಇನ್ನೂ ಈಚಿಗೇ ಬಂದಿಲ್ವಲ್ಲ, ನೋಡಿ," ಅಂದ ಚಲುವರಾಜು. ಕೋಣೆಯ ಬಾಗಿಲು ಮುಚ್ಚಿತ್ತು. ಶಾಂತಲಾ ಅದನ್ನು ಈಗ ಗಮನಿಸಿದಳು. "ಭಾವ ಕ್ವಾಟೆ ತಾವ ಅವ್ನೂರಲ್ಲಿ ಬದುಕವ್ನೆ. ಇನ್ನೊಬ್ಳನ್ನ ಮಾಡ್ಕಂಡವ್ನೆ, ಆದ್ರೂ ಬದುಕವ್ನೆ. ಮುತ್ತೈದೆ ಬಂದೋಳ್ನ ಬರಿಮಡ್ಲಲ್ಲಿ ಕಳ್ಸಕಾಯ್ತದಾ?"

ಶಾಂತಲಾಗೆ ಹೇಳಲು ಬಹಳ ಇತ್ತು. ಕಳಂಕ ಎಂಬ ಒಂದು ಅಧ್ಯಾಯವೇ ಇತ್ತು. ಆದರೆ ಬಾಗಿಲು ಹಾಕಿ ಓಡಿಸುವವರ ಎದುರು ಹೇಳುವ ಮಾತುಗಳವು. ಮಡಿಲು ತುಂಬಿ, ಹೂ ಮುಡಿಸಿ, ಅಳುತ್ತ ಕಳಿಸುವವರ ಎದುರು ಏನು ಹೇಳಬೇಕೆಂದು ಅವಳು ಬರೆದಿರಲಿಲ್ಲ. ಚಿಕ್ಕಬೀರಮ್ಮ ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡು ಎದ್ದಳು. ಮುಚ್ಚಿದ ಕೋಣೆಯ ಬಾಗಿಲನ್ನು ಒಂದು ಸಲ ನೋಡಿದಳು. ಆಮೇಲೆ ಹೊಸ್ತಿಲು ದಾಟಿ ನೇರ ಕಾರಿನ ಕಡೆ ನಡೆದಳು.

"ಅಕ್ಕಯ್ಯ, ಬತ್ತೀನಿ ಅನ್ನಿ," ಎಂದು ರಾಣಿ ಬಾಗಿಲಿಂದ ಕೂಗಿದಳು. ಅಳು ಬೇರೆ, ಶಾಸ್ತ್ರ ಬೇರೆ. "ಏನೂ ಅನ್ದೆ ಓಗ್ಬಾರ್ದು."

"ಆ ಮಾತು ಬೆಳಿಗ್ಗೇನೆ ಖರ್ಚಾಗೋಯ್ತು ಕಣಮ್ಮ, ಜೈಲ್ ಬಾಗ್ಲಲ್ಲಿ," ಅಂದಳು ಚಿಕ್ಕಬೀರಮ್ಮ. "ಓಗ್ತೀನಿ."

ಚಪ್ಪರದ ಹೆಂಗಸರಲ್ಲಿ ಒಬ್ಬಳು 'ಅಯ್ಯೋ ಬುಡ್ತು ಅನ್ನು' ಅಂದಳು. ಶಾಂತಲಾ ಯಾರ ಮುಖವನ್ನೂ ನೋಡದೆ ಕಾರಿನ ಬಾಗಿಲು ತೆರೆದು ಹಿಡಿದಳು. ಅಲ್ಲಿದ್ದವರಲ್ಲಿ ಆ ಮಾತಿನ ಅರ್ಥ ಪೂರ್ತಿ ಆದದ್ದು ಅವಳೊಬ್ಬಳಿಗೆ ಮಾತ್ರ.

ಮಡಿಲಲ್ಲಿ ಅಕ್ಕಿ ಇಟ್ಟುಕೊಂಡ ಚಿಕ್ಕಬೀರಮ್ಮ ಸೀಟ್ ಬೆಲ್ಟ್ ಹಾಕಿಕೊಳ್ಳುವ ಹಾಗಿರಲಿಲ್ಲ. ಬೆಲ್ಟ್ ಹಾಕಿಲ್ಲವೆಂದು ಕಾರು ಟಣ್ ಟಣ್ ಎಂದು ದೂರುತ್ತಲೇ ಇತ್ತು. ಅಕ್ಕಿಯನ್ನು ಚೀಲಕ್ಕೆ ಹಾಕಿಕೊಳ್ಳಿ ಎಂದು ಶಾಂತಲಾ ಹೇಳಿ ನೋಡಿದಳು. "ಮಡ್ಲಕ್ಕೀನ ದಾರೀಲಿ ಸುರೀತಾರಾ ಮೇಡಂ? ಮನೆಗೋಗಿ ಸುರೀಬೇಕು." ಯಾವ ಮನೆ ಎಂದು ಶಾಂತಲಾ ಕೇಳಲಿಲ್ಲ. ಚಿಲ್ಕುಂದದ ಹತ್ತಿರ ಕಾರು ನಿಲ್ಲಿಸಿ, ಕೆಳಗಿಳಿದು, ಮೈಸೂರಿನಲ್ಲಿ ಇಂಥ ಹೆಂಗಸರಿಗೆ ಆಶ್ರಯ ಕೊಡುವ ಪರಿಚಯದವರೊಬ್ಬರಿಗೆ ಫೋನ್ ಮಾಡಿದಳು. ಆ ಕಡೆಯ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, ಮೇಡಂ ನಿಮ್ಮ ಪುಸ್ತಕ ನಮ್ಮಲ್ಲಿದೆ, ಆದರೆ ಹಾಸಿಗೆ ಒಂದೂ ಖಾಲಿ ಇಲ್ಲ, ಮುಂದಿನ ವಾರ ನೋಡೋಣ ಎಂದಳು. ಶಾಂತಲಾ ಥ್ಯಾಂಕ್ಸ್ ಹೇಳಿದಳು. ಆ ಕಡೆಯವಳು ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು, ಕಾರಿನಿಂದ ನೋಡುವವರಿಗೆ ಮಾತು ಇನ್ನೂ ನಡೆಯುತ್ತಿದೆ ಎಂದು ಕಾಣಲಿ ಎಂದು.

"ಕೋಟೆಗೆ..." ಎಂದು ಶುರುಮಾಡಿದಳು, ಕಾರು ಹೊರಟ ಮೇಲೆ. "ನಿಮ್ಮ ಯಜಮಾನರ ಹತ್ತಿರ ಒಂದು ಸಲ ಮಾತಾಡಿದರೆ..."

"ಅಲ್ಯಾಕೆ ಬುಡಿ. ಆ ಹೆಣ್ಣು ಸುಕವಾಗವ್ಳೆ, ಅತ್ತೆ ಕಾಟ ಇಲ್ಲ." ಚಿಕ್ಕಬೀರಮ್ಮ ಕಾಯಿಯನ್ನು ಅಕ್ಕಿಯೊಳಗೆ ಸ್ವಲ್ಪ ಒತ್ತಿ ನಿಲ್ಲಿಸಿದಳು. "ನಾನೇ ಮಾಡ್ಕೊಟ್ಟ ಸುಕ."

ನಗಬೇಕೋ ಬೇಡವೋ ತಿಳಿಯದೆ ಶಾಂತಲಾ ಗೇರು ಬದಲಾಯಿಸಿದಳು. ಆಗ ಅವಳ ತಲೆಯೊಳಗೆ, ಯಾರೋ ಬಾಡಿಗೆಗೆ ಮನೆ ನೋಡಲು ಬಂದವರ ಹಾಗೆ ಒಂದೊಂದೇ ಲೆಕ್ಕಾಚಾರ ಓಡಾಡಿತು. ನಮ್ಮ ಮನೆಯಲ್ಲಿ ಗ್ಯಾಸ್ ಒಲೆ. ಸೌದೆ ಇಲ್ಲವೇ ಇಲ್ಲ. ಅತ್ತೆಯೂ ಇಲ್ಲ, ತೀರಿಕೊಂಡು ಆರು ವರ್ಷವಾಯಿತು. ಹಾಗೆ ಅಂದುಕೊಂಡದ್ದೇ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಚಪ್ಪರದಲ್ಲಿ ಜಾಗ ಬಿಟ್ಟು ಸರಿದು ಕೂತ ಆ ಹೆಂಗಸಿಗೂ ತನಗೂ ಏನು ವ್ಯತ್ಯಾಸ? ಆಕೆ ಸರಿದರೂ ಪಕ್ಕದಲ್ಲಿ ಕೂರಲು ಜಾಗವನ್ನಾದರೂ ಕೊಟ್ಟಿದ್ದಳು. ಎಂಟು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ಮಾತಾಡಿದವಳ ಪಕ್ಕದಲ್ಲಿ ಶಾಂತಲಾಗೆ ಎಂದೂ ಹೆದರಿಕೆಯಾಗಿರಲಿಲ್ಲ, ನಿಜ. ಬಾಗಿಲ ಹೊರಗೆ ಒಬ್ಬಳು ವಾರ್ಡರ್ ಇರುತ್ತಿದ್ದಳು, ಅದೂ ನಿಜ. 'ಈಚೆ ಬಂದ್ಮೇಲೆ ನಮ್ಮನೆಗೆ ಬನ್ನಿ' ಅಂದಾಗ ಅದನ್ನು ಸುಮ್ಮನೆ ಬಾಯಿಮಾತಿಗೆ ಅಂದಿದ್ದೆ. 'ಬರ್ತೀವಿ' ಅಂದಾಗ ಮಾತ್ರ ಮನಸ್ಸಿನಿಂದ ಅಂದುಬಿಟ್ಟೆನೇ? ಈ ಯೋಚನೆ ಬಂದಾಗ ನೀಲಿ ಗೇಟು ಎದುರಿಗೇ ಇತ್ತು. ಅವಳು ನಿಲ್ಲಿಸದೆ ಮುಂದಕ್ಕೆ ಹೋದಳು. ಬಸ್‌ ಸ್ಟ್ಯಾಂಡಿನವರೆಗೂ ಹೋದಳು. ಅಲ್ಲಿ ತಿರುಗಿಸಿಕೊಂಡು ಮತ್ತೆ ಬಂದಳು. ಕಾರು ಟಣ್ ಟಣ್ ಅನ್ನುತ್ತಲೇ ಇತ್ತು. ಎರಡನೆಯ ಸಲ ಶಾಂತಲಾ ನೇರಳೆ ಮರದ ಕೆಳಗೆ ನಿಲ್ಲಿಸಿ ಇಂಜಿನ್ ಆರಿಸಿದಳು, ಸದ್ದು ನಿಂತಿತು. ಸಂಜೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು.

ಗೇಟು ತೆಗೆದು, ಅಂಗಳ ದಾಟಿ, ಬಾಗಿಲ ಮೆಟ್ಟಿಲವರೆಗೂ ಇಬ್ಬರೂ ಬಂದರು. ಒಳಗೆ ಟಿ.ವಿ. ಓಡುತ್ತಿತ್ತು.

"ಬನ್ನಿ," ಅಂದಳು ಶಾಂತಲಾ.

ಚಿಕ್ಕಬೀರಮ್ಮ ಅಲುಗಲಿಲ್ಲ. "ಬನ್ನಿ ಅಂತೀರೋ, ಬಂದೋಗಿ ಅಂತೀರೋ?"

ಇದಕ್ಕೆ ಉತ್ತರ ಎರಡೇ. ಒಂದನ್ನು ಹೇಳಿದರೆ ಇವಳು ತನ್ನ ಮನೆಯಲ್ಲಿ ಉಳಿಯುತ್ತಾಳೆ, ಇನ್ನೊಂದನ್ನು ಹೇಳಿದರೆ ಕಾಫಿ ಕುಡಿದು ಎದ್ದು, ಹೂ ಮುಡಿದು ಮಡಿಲು ತುಂಬಿಕೊಂಡು, ಈ ಊರಿನ ಬಸ್‌ ಸ್ಟ್ಯಾಂಡಿನಲ್ಲಿ ನಿಲ್ಲುತ್ತಾಳೆ. ಶಾಂತಲಾಗೆ ಇದು ಸ್ಪಷ್ಟವಾಗಿ ಕಂಡಿತು. ಅವಳು ಬಾಯಿ ತೆರೆದಳು. ಬಾಯಿ ಬೆಳಿಗ್ಗೆ ಮಾಡಿದ ಹಾಗೆಯೇ ಅವಳನ್ನು ಕೇಳದೆ ಅಂದುಬಿಟ್ಟಿತು:

"ನಿಮಗೇನನ್ನಿಸುತ್ತೆ?"

ಚಿಕ್ಕಬೀರಮ್ಮ ಅವಳನ್ನೇ ನೋಡಿದಳು. ಆಮೇಲೆ ನಕ್ಕಳು. ಬೆಳಿಗ್ಗೆಯಿಂದ ಅದೇ ಮೊದಲ ಸಲ.

"ನಂಗಾ? ಕೈ ನೋಯ್ತಾ ಅದೆ ಅನ್ನುಸ್ತದೆ."

ನಿಜ, ಬೆಟ್ಟದಪುರದಿಂದ ಅವಳು ಸೆರಗು ಬಿಟ್ಟಿರಲಿಲ್ಲ. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು, ಹೊಸ ಬಳೆಗಳು ಮಣಿಕಟ್ಟಿಗೆ ಒತ್ತಿ ಗೆರೆ ಬಿದ್ದಿತ್ತು. ಶಾಂತಲಾ, "ಇರಿ, ಪಾತ್ರೆ ತರ್ತೀನಿ," ಎಂದು ಒಳಗೆ ಓಡಿದಳು. ಯಾರು ಬಂದದ್ದು ಎಂದು ಉಮಾಶಂಕರ ಕೇಳಿದ. ಬಂದಿದ್ದಾರೆ ಎಂದಷ್ಟೇ ಹೇಳಿ ಅಡಿಗೆಮನೆಗೆ ಹೋದಳು. ಅಲ್ಲಿ, ಕಪಾಟಿನ ಮುಂದೆ, ಮತ್ತೆ ನಿಂತಳು. ಮೂಲೆಯಲ್ಲಿ ಅಕ್ಕಿಯ ದೊಡ್ಡ ಡಬ್ಬ ಇತ್ತು. ಅದರಲ್ಲಿ ಸುರಿಸಿಕೊಂಡರೆ ಅವಳ ಅಕ್ಕಿ ತಮ್ಮ ಅಕ್ಕಿಯೊಡನೆ ಕಲೆತುಹೋಗುತ್ತದೆ; ಆಮೇಲೆ ಇದು ನಿನ್ನದು, ತೆಗೆದುಕೊಂಡು ಹೊರಡು ಎಂದು ಬೇರೆ ಮಾಡಿ ಕೊಡುವ ಹಾಗಿಲ್ಲ. ಕಪಾಟಿನಲ್ಲಿ ಒಂದು ಸ್ಟೀಲ್ ಪಾತ್ರೆ ಇತ್ತು, ಇಬ್ಬರಿಗೆ ಅನ್ನ ಮಾಡುವಷ್ಟರದು. ಡಬ್ಬದ ಮುಚ್ಚಳ ತೆಗೆದಳು, ಮುಚ್ಚಿದಳು. ಹಜಾರದ ಗೋಡೆಯ ಮೇಲೆ ಅತ್ತೆಯ ಫೋಟೋ ಇತ್ತು, ಹಾರ ಹಾಕಿತ್ತು. ಮದುವೆಯಾಗಿ ಬಂದ ದಿನ ಈ ಹೊಸ್ತಿಲಿನಲ್ಲೇ ಶಾಂತಲಾ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬಂದಿದ್ದಳು, ಎಂ.ಎ. ಓದಿದ ಸೊಸೆ, ನಾಚಿಕೊಂಡು ಬೆರಳ ತುದಿಯಿಂದ ಮುಟ್ಟಿದರೆ ಸೇರು ಬೀಳಲೇ ಇಲ್ಲ. ಜೋರಾಗಿ ಒದಿಯಮ್ಮ, ನಿಂದೇ ಮನೆ, ಎಂದು ಅತ್ತೆ ನಕ್ಕಿದ್ದರು. ಶಾಂತಲಾ ಸ್ಟೀಲ್ ಪಾತ್ರೆಯನ್ನು ತೆಗೆದುಕೊಂಡು ಹೊರಗೆ ಬಂದಳು.

ಚಿಕ್ಕಬೀರಮ್ಮ ಪಾತ್ರೆಯನ್ನು ನೋಡಿದಳು. ಶಾಂತಲಾಳ ಮುಖವನ್ನೂ ನೋಡಿದಳು. ಹೊಸ್ತಿಲ ಮೇಲೆ ಶಾಂತಲಾ ಪಾತ್ರೆ ಹಿಡಿದುಕೊಂಡು ಬಗ್ಗಿದಳು. ಆಚೆಯಿಂದ ಚಿಕ್ಕಬೀರಮ್ಮ ಕಾಯಿ, ಬೆಲ್ಲ, ಎಲೆ, ರವಿಕೆ ಬಟ್ಟೆ ಎಲ್ಲವನ್ನೂ ಒಂದು ಕೈಗೆ ತೆಗೆದುಕೊಂಡು ಸೆರಗನ್ನು ಬಿಟ್ಟಳು. ಅಕ್ಕಿ ಧಾರೆಯಾಗಿ ಬಂತು. ಪಾತ್ರೆ ತುಂಬಿತು. ರಾಣಿ ಕೈ ಬಿಗಿ ಹಿಡಿಯದೆ ಹಾಕಿದ್ದಳು, ಇಷ್ಟಿರುತ್ತದೆಂದು ಶಾಂತಲಾ ಎಣಿಸಿರಲಿಲ್ಲ. "ಸಾಕು, ಸಾಕು," ಎನ್ನುವಷ್ಟರಲ್ಲಿ ಅಕ್ಕಿ ಅಂಚು ಮೀರಿ ಅವಳ ಕೈಮೇಲೆ ಹರಿದು, ಹೊಸ್ತಿಲಿನ ಮೇಲೆ, ಹೊಸ್ತಿಲಿನ ಒಳಗೆ, ಹಜಾರದ ನೆಲದ ತುಂಬ ಚೆಲ್ಲಿಹೋಯಿತು. ಟಿ.ವಿ.ಯ ಎದುರಿನಿಂದ ಉಮಾಶಂಕರ ಎದ್ದು ನಿಂತ. ಶಾಂತಲಾ ಪಾತ್ರೆಯನ್ನು ಹಿಡಿದುಕೊಂಡೇ ಹೊರಗಿನ ಮೆಟ್ಟಿಲಿಗೆ ಸರಿದು ದಾರಿ ಬಿಟ್ಟಳು.

ಚಿಕ್ಕಬೀರಮ್ಮ ಚೆಲ್ಲಿದ ಅಕ್ಕಿಯನ್ನು ನೋಡಿದಳು. ಖಾಲಿ ಸೆರಗನ್ನು ಒಮ್ಮೆ ಕೊಡವಿ ಸೊಂಟಕ್ಕೆ ಸಿಕ್ಕಿಸಿದಳು. ಎಡಗಾಲು ಮುಂದಿಟ್ಟಿದ್ದವಳು ಅದನ್ನು ಹಿಂದಕ್ಕೆ ತೆಗೆದುಕೊಂಡು, ಬಲಗಾಲನ್ನು ಹೊಸ್ತಿಲ ಒಳಗೆ ಅಕ್ಕಿಯ ಮೇಲೆ ಇಟ್ಟು, ಒಳಗೆ ಹೋದಳು. ಗೋಡೆಯ ಮೇಲಿನ ಫೋಟೋ ಕಂಡು ಕೈ ಮುಗಿದಳು. ಆಮೇಲೆ ಹಿಂದಿರುಗಿ ನೋಡಿದಳು. ಶಾಂತಲಾ ಇನ್ನೂ ಹೊರಗೇ ಇದ್ದಳು, ತುಂಬಿದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಯಾಕ್ ಮೇಡಂ ಅಲ್ಲೇ ನಿಂತ್ಕಂಡ್ರಿ?" ಅಂದಳು ಚಿಕ್ಕಬೀರಮ್ಮ. "ಬನ್ನಿ."